ಕವಲೊಡೆದ ಬೆರಳು

2012ರ ನವೆಂಬರ್ 27, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ.

"ಇನ್ನೊಂದ್ಸಲ ಹೇಳಿ," ಎಂದಳು ಡಾಕ್ಟರ್ ಕ್ವೆ. "ಇದು ಏನು ಅಂತೀರಿ ನೀವು?"

ಅವಳ ಅಂಗೈಯಲ್ಲಿ ಬಿಳಿ ಬಟ್ಟೆಯ ಮೇಲೆ ಏಳು ಚೂರುಗಳಿದ್ದವು. ಭತ್ತದ ಹುಲ್ಲಿನ ದಪ್ಪ, ಒಣಗಿದ ಸುಣ್ಣದ ಬಣ್ಣ. ಎಲ್ಲಕ್ಕಿಂತ ದೊಡ್ಡದು ಬೆರಳಿನ ಒಂದು ಗೆಣ್ಣಿನಷ್ಟು ಉದ್ದವಿತ್ತು.

ದೋವಾನ್ ವಂಶದ ಹಿರಿಯ ಖ್ವಾತ್ ಪೂರ್ವಿಕರ ಮನೆಯ ಗೇಟಿನ ಒಳಗೇ ನಿಂತಿದ್ದ. ಗೇಟಿನ ಹೊರಗೆ, ನಾಲ್ಕು ಇಟ್ಟಿಗೆಗಳ ಮೇಲೆ, ಕೆಂಪು ಮಣ್ಣಿನ ಮೂಳೆಪೆಟ್ಟಿಗೆ ಇತ್ತು. ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ. ಸಮುದ್ರದ ಗಾಳಿಗೆ ಹಾಳೆ ಹಾರದಂತೆ ಮಿಯೆನ್ ಅದರ ಒಂದು ತುದಿಯನ್ನು ಪಾದದಿಂದ ಒತ್ತಿ ಕೂತಿದ್ದಳು. ಹಾಗೆ ಕೂತು ಮೂರು ದಿನವಾಗಿತ್ತು.

"ಅನ್ನೋದೇನ್ ಬಂತು ತಂಗಿ," ಎಂದ ಖ್ವಾತ್. "ಮಗೂನ ಬೆರಳು. ಹುಟ್ಟದೇ ಹೋದ ಮಗೂಂದು. ನಮ್ಮ ಮನೆ ಹೆಂಗಸ್ರೇ ನೋಡಿ ಹೇಳಿದ್ದಾರೆ. ಏಳೆಂಟು ಹೆತ್ತವರು. ನಿಮ್ಮ ಪುಸ್ತಕಕ್ಕಿಂತ ಅವರಿಗೆ ಜಾಸ್ತಿ ಗೊತ್ತು."

ಮಿಯೆನ್ ಅವನ ತಮ್ಮನ ಮಗಳು. ಅವಳ ತಾಯಿ ಥಾಮ್‌ಳ ಹೆಣ ನೀರಿನಲ್ಲಿ ಸಿಕ್ಕಿ ಮೂರು ವರ್ಷ ತುಂಬಿದ್ದರಿಂದ, ಊರಿನ ಪದ್ಧತಿಯಂತೆ ಶನಿವಾರ ಬೆಳಗಿನ ಜಾವ ಗುಂಡಿ ತೆಗೆದು, ಮೂಳೆಗಳನ್ನು ಸುಗಂಧದ ನೀರಿನಲ್ಲಿ ತೊಳೆದು ಪೆಟ್ಟಿಗೆಗೆ ತುಂಬಿದ್ದರು. ಗಂಡನ ಪಕ್ಕದಲ್ಲಿ, ವಂಶದ ನೆಲದಲ್ಲಿ ಇಡಬೇಕಾದ ಪೆಟ್ಟಿಗೆ. ಸೊಂಟದ ಬಟ್ಟಲಿನಂಥ ಮೂಳೆಯೊಳಗಿನ ಕೆಸರಿನಲ್ಲಿ ಈ ಚೂರುಗಳು ಕಂಡದ್ದೇ ತಡ, ಎಲ್ಲ ಅಲ್ಲಿಗೇ ನಿಂತಿತು. ಥಾಮ್ ಸಾಯುವ ಹೊತ್ತಿಗೆ ವಿಧವೆಯಾಗಿ ಹನ್ನೊಂದು ವರ್ಷ. ಅವಳ ಹೊಟ್ಟೆಯಲ್ಲಿ ಮಗು ಎಲ್ಲಿಂದ ಬಂತು?

ಪೆಟ್ಟಿಗೆ ಗೇಟು ದಾಟಕೂಡದು ಎಂದು ಹಿರಿಯರು ತೀರ್ಮಾನಿಸಿದರು. ಗುರುವಾರ ಬೆಳಗಾಗುವುದರೊಳಗೆ ನದೀಮುಖಕ್ಕೆ ಒಯ್ದು ಮೂಳೆಗಳನ್ನು ನೀರಿಗೆ ಬಿಡಬೇಕು. ಮಿಯೆನ್ ಒಪ್ಪಲಿಲ್ಲ. ಕಾವಲು ಬಿಟ್ಟು ಒಂದೇ ಒಂದು ಸಲ ಎದ್ದು, ಬಸ್ಸು ಹಿಡಿದು ಜಿಲ್ಲಾ ಪೊಲೀಸರ ಬಳಿ ಹೋಗಿ ಕೇಳಿದ್ದು ಒಂದೇ: ನಮ್ಮಮ್ಮನ ಮೇಲೆ ಬಿದ್ದಿರುವ ಈ ಮಾತು ಸುಳ್ಳು ಎಂದು ಯಾರಾದರೂ ಬರೆದುಕೊಡಿ.

ಆ 'ಯಾರಾದರೂ' ಆಗಿ ಕ್ವೆ ಬಂದಿದ್ದಳು. ಪ್ರಾಂತ್ಯದ ಶವಪರೀಕ್ಷಾ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಕೆಲಸ. ನಿವೃತ್ತಿಗೆ ಇನ್ನು ಐದು ತಿಂಗಳು.

ಅವಳು ರಸ್ತೆಯ ಆಚೆ ಬಲೆ ಹೆಣೆಯುತ್ತಿದ್ದ ಹೆಂಗಸಿನಿಂದ ಒಂದು ಮೊಳ ನೈಲಾನ್ ದಾರ ಕೇಳಿ ತಂದಳು. ಚೂರುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಚಿಮಟದಲ್ಲಿ ಹಿಡಿದು, ಒಂದು ತುದಿಗೆ ದಾರ ತೂರಿಸಿ ಮೆಲ್ಲಗೆ ತಳ್ಳಿದಳು. ದಾರ ಒಳಗಿನ ಡೊಂಕುಗಳನ್ನು ಹುಡುಕುತ್ತ ಹೋಗಿ ಆಚೆ ತುದಿಯಿಂದ ಹೊರಗೆ ಬಂತು. ಗೇಟಿನ ಒಳಗೆ ಗುಂಪುಗೂಡಿದ್ದ ಹೆಂಗಸರು ಮುಂದೆ ಬಾಗಿದರು.

ದಾರವನ್ನು ಹಿಂದಕ್ಕೆಳೆದು ಮತ್ತೆ ತೂರಿಸಿದಳು. ಈ ಸಲ ಅದು ಬೇರೆ ಬಾಯಿಂದ ಹೊರಬಂತು.

"ಎರಡು ಬಾಯಿ," ಎಂದಳು. "ನೋಡಿ, ಇಲ್ಲಿ ಕವಲೊಡೆದಿದೆ. ಯಾವ ಮಗೂನ ಬೆರಳು ಕವಲೊಡೆಯುತ್ತೆ ಸ್ವಲ್ಪ ಹೇಳಿ. ಏಳೆಂಟು ಹೆತ್ತವರು ಯಾರಿದ್ದೀರೋ ಅವರೇ ಹೇಳಿ."

ಮುಂದೆ ಬಾಗಿದ್ದ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು.

"ಇದು ಮೂಳೆ ಅಲ್ಲ. ಗರ್ಭಕೋಶಕ್ಕೆ ರಕ್ತ ಒಯ್ಯೋ ನಾಳ. ಎಡಗಡೆ ಒಂದು, ಬಲಗಡೆ ಒಂದು. ವಯಸ್ಸಾದ ಹೆಂಗಸರಲ್ಲಿ ಇದರ ಗೋಡೆ ಒಳಗೆ ಸುಣ್ಣ ಕೂರುತ್ತೆ. ಸಕ್ಕರೆ ಕಾಯಿಲೆ ಇದ್ರೆ ಇನ್ನೂ ಜಾಸ್ತಿ. ಮಾಂಸ ಕರಗಿಹೋದ್ರೂ ಸುಣ್ಣ ಉಳಿಯುತ್ತೆ, ಮನೆ ಬಿದ್ದ ಮೇಲೆ ನಲ್ಲಿ ಪೈಪು ಉಳಿದ ಹಾಗೆ. ಅದನ್ನ ಹಿಡಕೊಂಡು ನೀವು ಸತ್ತವಳಿಗೆ ಬಸಿರು ಕಟ್ಟಿದ್ರಿ."

ದನಿ ಏರಿರಲಿಲ್ಲ. ಆದರೆ ಮಾತು ಕ್ವೆ ಅಂದುಕೊಂಡದ್ದಕ್ಕಿಂತ ಹರಿತವಾಗಿ ಬಂದಿತ್ತು. ಅದು ಈ ಮನೆಯವರ ಮೇಲಿನ ಕೋಪ ಮಾತ್ರವಾಗಿರಲಿಲ್ಲ. ಹೋದ ವರ್ಷ ಬೆನ್ನುನೋವಿಗೆಂದು ತೆಗೆಸಿದ ಅವಳದೇ ಎಕ್ಸ್‌ರೇಯಲ್ಲಿ, ಸೊಂಟದ ಎರಡೂ ಕಡೆ ರೈಲು ಹಳಿಯಂಥ ತೆಳ್ಳಗಿನ ಜೋಡಿಗೆರೆಗಳು ಬಿದ್ದಿದ್ದವು. ವರದಿಯಲ್ಲಿ ಬರೆದದ್ದು ಎರಡೇ ಪದ: ವಯಸ್ಸಿನ ಬದಲಾವಣೆ. ಓದಿದ ಹುಡುಗ ಡಾಕ್ಟರು ಅವಳ ರಕ್ತದ ಸಕ್ಕರೆಯನ್ನೂ ಕೇಳಲಿಲ್ಲ, ಕಿಡ್ನಿಯನ್ನೂ ಕೇಳಲಿಲ್ಲ. ಆ ಎರಡು ಪದಗಳನ್ನು ಅವಳು ಮುದುಕಿಯರ ವರದಿಗಳಲ್ಲಿ ಎಷ್ಟು ಸಲ ಓದಿದ್ದಳೋ ಲೆಕ್ಕವಿಲ್ಲ. ಇನ್ನು ನೋಡುವುದಕ್ಕೆ ಏನೂ ಇಲ್ಲ, ಮಡಚಿಡಿ ಎಂಬುದೇ ಅದರ ಅರ್ಥ. ಬದುಕಿದ್ದಾಗ ಯಾರೂ ತಿರುಗಿ ನೋಡದ ನಾಳ, ಸತ್ತ ಮೇಲೆ ಹಾದರದ ಸಾಕ್ಷಿಯಾಗಿ ಹೊರಬಂದಿತ್ತು.

ಮಿಯೆನ್ ಎದ್ದು ನಿಂತಳು. ಮೂರು ದಿನದಲ್ಲಿ ಮೊದಲ ಬಾರಿಗೆ ಅವಳ ಮುಖ ಸಡಿಲವಾಗಿತ್ತು.

"ಕೇಳಿದ್ರಾ ದೊಡ್ಡಪ್ಪ," ಎಂದಳು. "ಅಮ್ಮನ ಮೇಲೆ ಹಾಕಿದ ಮಾತನ್ನ ಈಗ ಎಲ್ಲರೂ ವಾಪಸ್ ತಗೊಳ್ಳಿ. ಗೇಟು ತೆಗೀರಿ."

ಕ್ವೆ ಅವಳತ್ತ ನೋಡಲಿಲ್ಲ. ನೋಡುವ ಧೈರ್ಯ ಅವಳಿಗೆ ಇನ್ನೂ ಬಂದಿರಲಿಲ್ಲ. ಹುಡುಗಿ ಕೇಳಿದ್ದು ಸಿಕ್ಕಿತ್ತು. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತಿತ್ತು.

ಮೂಳೆ ಎತ್ತಿದ ಚಾತ್ ಅಜ್ಜ ಗೋಡೆಗೊರಗಿ ಬೀಡಿ ಕಟ್ಟುತ್ತಿದ್ದ. ನಲವತ್ತು ಚಳಿಗಾಲ ಇದೇ ಕೆಲಸ ಮಾಡಿದವನು. ಕ್ವೆ ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಇಂಥವನ್ನು ಹಿಂದೆ ಕಂಡಿದ್ದೀಯಾ ಎಂದು ವಿಚಾರಿಸಿದಳು. ಕಂಡಿರಬಹುದು ಎಂದ ಅಜ್ಜ. ಬೇರಿನ ತುಂಡು, ಬಸವನಹುಳದ ಚಿಪ್ಪು ಅಂದುಕೊಂಡು ಕೆಸರಿನ ಜೊತೆ ಚೆಲ್ಲಿಬಿಡುತ್ತೇವೆ. ಈ ಸಲ ಕೆಸರನ್ನೆಲ್ಲ ಜರಡಿ ಹಿಡಿಯಬೇಕಾಯಿತು.

"ಯಾಕೆ?"

"ಹಲ್ಲು ಸಿಗ್ಲಿಲ್ಲ ಮಗಳೇ. ಒಂದೂ ಸಿಗ್ಲಿಲ್ಲ. ಹಲ್ಲು ಬಿಟ್ಟು ಪೆಟ್ಟಿಗೆ ಮುಚ್ಚಿದ್ರೆ ನನ್ನ ಹೆಸರು ಕೆಡುತ್ತೆ. ಅದಕ್ಕೆ ಮೂರು ಸಲ ಜರಡಿ ಹಿಡಿದೆ. ಹಲ್ಲಿನ ಬದಲು ಇವು ಬಂದ್ವು."

"ಕೂದಲು? ಕಪ್ಪೋ ಬಿಳಿಯೋ?"

"ಕೆಸರು ಮೆತ್ತಿದ ಒಂದು ಉಂಡೆ ಇತ್ತು. ಕೂದಲು, ಬಟ್ಟೆ, ಹಲಗೆ, ಅದೆಲ್ಲ ನಾವು ಮುಟ್ಟಲ್ಲ. ಗುಂಡಿಗೇ ವಾಪಸ್ ಹಾಕ್ತೀವಿ."

ಗುಂಡಿಯ ಕಡೆ ಅವಳು ಬೆಳಿಗ್ಗೆಯೇ ಹೋಗಿದ್ದಳು. ಶನಿವಾರ ಮಧ್ಯಾಹ್ನವೇ ಖ್ವಾತ್ ಅದಕ್ಕೆ ನಾಲ್ಕು ಮೂಟೆ ಸುಣ್ಣ ಸುರಿಸಿ, ಮೇಲೆ ಕಾಂಕ್ರೀಟು ಹಾಕಿಸಿದ್ದ. ಮೈಲಿಗೆ ತೆಗೆಯಲು ಎಂದು ಊರಿಗೆಲ್ಲ ಹೇಳಿದ್ದ.

ಕ್ವೆ ಪೆಟ್ಟಿಗೆಯ ಹಾಳೆ ಸರಿಸಿ ಕೆಳದವಡೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ಬೆಳಕಿಗೆ ಹಿಡಿದು ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿದಳು. ಸತ್ತ ಮೇಲೆ ಹಲ್ಲು ಉದುರಿದರೆ ಅದು ಕೂತಿದ್ದ ಕುಳಿ ಉಳಿಯುತ್ತದೆ. ಇಲ್ಲಿ ಕುಳಿಗಳೇ ಇರಲಿಲ್ಲ. ಮೂಳೆ ಮುಚ್ಚಿಕೊಂಡು, ಸವೆದು, ಚಾಕುವಿನ ಹಿಂಬದಿಯಷ್ಟು ತೆಳ್ಳಗಾಗಿತ್ತು. ಈ ಬಾಯಿಯಲ್ಲಿ ಹಲ್ಲಿಲ್ಲದೆ ಹತ್ತು ವರ್ಷವಾದರೂ ಆಗಿರಬೇಕು. ತೊಡೆಯ ಮೂಳೆ ಎತ್ತಿ ನೋಡಿದರೆ ಒಣಗಿದ ಸೋರೆಬುರುಡೆಯ ಹಾಗೆ ಹಗುರ.

"ಮಿಯೆನ್, ಅಮ್ಮಂಗೆ ಹಲ್ಲಿತ್ತಾ?"

"ಇತ್ತಲ್ಲ." ಹುಡುಗಿಗೆ ನಗು ಬರುವಂತಿತ್ತು. "ಕಬ್ಬು ಸಿಗಿಯೋಳು. ಬಿಯರ್ ಮುಚ್ಚಳ ಕಚ್ಚಿ ತೆಗೆದು ಅಪ್ಪನ ಹತ್ರ ಬೈಸ್ಕೊಳ್ಳೋಳು."

"ಎಷ್ಟು ವಯಸ್ಸು?"

"ನಲವತ್ತಾರು."

ಕ್ವೆ ದವಡೆಯನ್ನು ಬಟ್ಟೆಯ ಮೇಲಿಟ್ಟಳು. ಕಿಡ್ನಿ ಪೂರ್ತಿ ಕೆಟ್ಟವರಲ್ಲಿ ನಲವತ್ತಾರಕ್ಕೂ ನಾಳ ಸುಣ್ಣಗಟ್ಟಬಹುದು. ಅದನ್ನು ಅವಳು ಮರೆತಿರಲಿಲ್ಲ. ಆದರೆ ಥಾಮ್ ನೀರಿನಲ್ಲಿ ಸಿಕ್ಕ ವಾರದವರೆಗೂ ಉಪ್ಪಿನ ಗದ್ದೆಯಲ್ಲಿ ಹೆಗಲಿಗೆ ಎರಡು ಬುಟ್ಟಿ ಹೊತ್ತವಳು. ಅಂಥ ಕಾಯಿಲೆಯವಳು ಒಂದು ಬುಟ್ಟಿಯನ್ನೂ ಎತ್ತಲಾರಳು.

ಮಿಯೆನ್‌ಳ ಮುಖದಿಂದ ನಗು ಒಂದೊಂದೇ ಗೆರೆಯಾಗಿ ಇಳಿಯಿತು. ಅವಳು ದವಡೆಯನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಮೂರು ದಿನ ಹಾಳೆ ಒತ್ತಿ ಹಿಡಿದಿದ್ದ ತನ್ನ ಪಾದವನ್ನು ನೋಡಿಕೊಂಡಳು.

"ಹಾಗಾದ್ರೆ ಇದು ಯಾರು?" ಎಂದು ಕೇಳಿದಳು. "ಮೂರು ವರ್ಷ ನಾನು ಊದುಕಡ್ಡಿ ಹಚ್ಚಿದ್ದು ಯಾರಿಗೆ ಡಾಕ್ಟ್ರೇ?"

ಕ್ವೆ ದವಡೆಯನ್ನು ಪೆಟ್ಟಿಗೆಗೆ ಮರಳಿಸಿ ಎದ್ದು, ಚೀಲದಿಂದ ಸರ್ಕಾರಿ ಮುದ್ರೆಯ ಕಾಗದದ ಪಟ್ಟಿಗಳನ್ನು ತೆಗೆದು, ಪೆಟ್ಟಿಗೆಯ ಮುಚ್ಚಳಕ್ಕೆ ಅಡ್ಡಡ್ಡ ಅಂಟಿಸಿದಳು. ಸುಣ್ಣದ ಚೂರುಗಳನ್ನು ಗಾಜಿನ ಸೀಸೆಗೆ ಹಾಕಿ ಎದೆಜೇಬಿಗಿಟ್ಟಳು. ಆಮೇಲೆ ಗೇಟನ್ನು ತಾನೇ ತಳ್ಳಿಕೊಂಡು ಒಳಗೆ ನಡೆದಳು.

ಪೂರ್ವಿಕರ ಮನೆಯೊಳಗೆ ಹೊಸ ವಾರ್ನಿಷ್‌ನ ವಾಸನೆ. ಪೀಠದ ಮೇಲೆ ಹಣ್ಣು, ಹೂವು, ಅಡಿಕೆ ವೀಳ್ಯದ ತಟ್ಟೆ. ಖ್ವಾತ್ ಕುರ್ಚಿ ತೋರಿಸಲಿಲ್ಲ. ಚಹಾ ಕೂಡ ಬಗ್ಗಿಸಲಿಲ್ಲ. ಈ ಊರಿನಲ್ಲಿ ವೈರಿಗೂ ಚಹಾ ಕೊಡುತ್ತಾರೆ. ಅದನ್ನು ಗಮನಿಸಿಯೇ ಕ್ವೆ ಕುರ್ಚಿ ಎಳೆದುಕೊಂಡು ಕೂತಳು. ಮಿಯೆನ್ ಬಾಗಿಲಲ್ಲಿ ನಿಂತಳು.

ಹೆಣ ಗುರುತಿಸಿದ್ದು ಯಾರು ಎಂದು ಕ್ವೆ ಕೇಳಿದಳು. ತಾನೇ ಎಂದ ಖ್ವಾತ್. ನಾಲ್ಕು ದಿನ ನೀರಿನಲ್ಲಿದ್ದ ಹೆಣ, ಮುಖ ಮೀನಿನ ಪಾಲು. ಕಂದು ರವಿಕೆ ಮತ್ತು ಚಪ್ಪಲಿಯಿಂದ ಗುರುತು. ಪಂಚಾಯ್ತಿ ಗುಮಾಸ್ತ ಮೂಗು ಮುಚ್ಚಿಕೊಂಡು ದಡದಿಂದಲೇ ರುಜು ಹಾಕಿದ. ತಲೆಗೆ ಬಟ್ಟೆ ಸುತ್ತಿದ್ದು ಯಾರು? ಅದೂ ತಾನೇ. ಸತ್ತವಳ ಮಾನ ಕಾಯಬೇಕಲ್ಲ.

"ಮಗಳು ಮುಖ ನೋಡಿದ್ಲಾ?"

"ಅವಳು ಎತ್ತಿನ ವರ್ಷದಲ್ಲಿ ಹುಟ್ಟಿದೋಳು. ಹೆಣ ಪೆಟ್ಟಿಗೆಗಿಟ್ಟಿದ್ದು ಮೇಕೆ ಗಳಿಗೆಯಲ್ಲಿ, ಮಧ್ಯಾಹ್ನ ಒಂದರಿಂದ ಮೂರರೊಳಗೆ. ಎತ್ತಿಗೂ ಮೇಕೆಗೂ ಆಗಲ್ಲ. ಆ ಹೊತ್ತಲ್ಲಿ ಅವಳು ಎದುರಿಗೆ ಬರಬಾರದು. ನಿಮ್ಮನೇಲಿ ಇದೆಲ್ಲ ನೋಡಲ್ವೇನೋ."

"ನಮ್ಮನೇಲೂ ನೋಡ್ತೀವಿ. ಗಳಿಗೆ ಇಟ್ಟುಕೊಟ್ಟಿದ್ದು ಯಾರು?"

"ಶಾಸ್ತ್ರದವರು."

ಕ್ವೆ ಬಾಗಿಲ ಕಡೆ ತಿರುಗಿ ಚಾತ್ ಅಜ್ಜನನ್ನು ಕರೆದಳು. ಅಂದು ಶವಪೆಟ್ಟಿಗೆಗೆ ಹಗ್ಗ ಕಟ್ಟಲು ಬಂದವನೂ ಅವನೇ. ಬಾಗಿಲಾಚೆ ನಿಂತೇ ಅಜ್ಜ ಹೇಳಿದ: ಶಾಸ್ತ್ರದವರು ಇಟ್ಟುಕೊಟ್ಟದ್ದು ಕೋತಿ ಗಳಿಗೆ, ಮಧ್ಯಾಹ್ನ ಮೂರರ ಮೇಲೆ. ತಾನು ಎರಡೂವರೆಗೆ ಹಗ್ಗ ಹೊತ್ತು ಬಂದರೆ ಪೆಟ್ಟಿಗೆಗೆ ಮೊಳೆ ಹೊಡೆದಾಗಿತ್ತು. ದುಡಿಮೆಯೂ ತಪ್ಪಿತು, ಬೈಗುಳವೂ ಸಿಕ್ಕಿತು, ಅದಕ್ಕೇ ನೆನಪಿದೆ.

"ನಾನು ಸೈಗಾನಿನ ಕಡೆಯಿಂದ ಎರಡು ರಾತ್ರಿ ರೈಲಲ್ಲಿ ನಿಂತ್ಕೊಂಡು ಬಂದಿದ್ದೆ," ಎಂದಳು ಮಿಯೆನ್. ಚಪ್ಪಲಿ ಕಾರ್ಖಾನೆಯ ಕೆಲಸದವಳು, ಮಾತು ಕಡಿಮೆ. "ಹನ್ನೆರಡಕ್ಕೆ ಮನೆ ಮುಟ್ಟಿದೆ. ಮೂರರವರೆಗೆ ಕಾದಿದ್ರೆ ಮುಖ ನೋಡ್ತಿದ್ದೆ. ನೀವೇ ನನ್ನ ಪಕ್ಕದ್ಮನೆ ಹಿತ್ತಲಿಗೆ ಕಳಿಸಿದ್ರಿ ದೊಡ್ಡಪ್ಪ. ಕೋಳಿಗೂಡಿನ ಹಿಂದೆ ಕೂತು ಅತ್ತೆ."

"ವಾಸನೆ ತಡೀಲಿಕ್ಕಾಗ್ಲಿಲ್ಲ, ಬೇಗ ಮುಗಿಸಿದ್ವಿ," ಎಂದ ಖ್ವಾತ್. "ಅದಕ್ಕೂ ತಕರಾರಾ? ಸರಿ, ನಿಮ್ಮ ಮಾತೇ ಇರಲಿ. ಯಾವುದೋ ಮುದುಕಿ ಹೆಣ ತೇಲಿಬಂದಿತ್ತು, ನಾನು ತಪ್ಪು ಗುರುತಿಸಿದೆ. ಮನುಷ್ಯ ತಪ್ಪು ಮಾಡಲ್ವಾ? ಈ ಊರಲ್ಲಿ ಕಾಣೆಯಾದ ಮುದುಕಿ ಯಾರೂ ಇಲ್ಲ. ಮೇಲಿನ ಊರಿಂದ ಬಂದಿರ್ಬೇಕು. ಇಷ್ಟಕ್ಕೆ ನಾನೇನು ಕೊಲೆಗಾರನಾ?"

ಆ ಪದವನ್ನು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ.

ಕ್ವೆ ಮೇಜಿನ ಮೇಲೆ ಬೋರಲಿಟ್ಟಿದ್ದ ಚಹಾ ಬಟ್ಟಲನ್ನು ತಾನೇ ಮಗುಚಿ, ತಾನೇ ತುಂಬಿಸಿಕೊಂಡಳು. "ಈ ಮನೆ ಮುದುಕಿಯರ ಲೆಕ್ಕ ಕೊಡಿ," ಎಂದಳು.

ಖ್ವಾತ್‌ನ ತಾಯಿ ಬೂಯ್, ಈಗ ಎಂಬತ್ತೆರಡು. ಮೂರು ವರ್ಷದ ಹಿಂದೆ, ಅದೇ ಶರತ್ಕಾಲದಲ್ಲಿ, ಕಿರಿಯ ಮಗನ ಕಾಫಿ ತೋಟಕ್ಕೆ ಬೆಟ್ಟದ ನಾಡಿಗೆ ಹೋದವರು. ಅಲ್ಲೇ ಇದ್ದಾರೆ. ಮಿಯೆನ್ ಬಾಗಿಲಿನಿಂದ ಸೇರಿಸಿದಳು: ಹೋಗುವ ಮುಂಚೆ ಅಜ್ಜಿ ತನಗೆ ಒಂದು ಮಾತೂ ತಿಳಿಸಿರಲಿಲ್ಲ; ಆಮೇಲೆ ಎಷ್ಟು ಸಲ ಕೇಳಿದರೂ ನಂಬರು ಸಿಗಲಿಲ್ಲ.

"ನಂಬರು ಕೇಳೋ ಮುಖ ಇದೆಯಾ ನಿಂಗೆ," ಎಂದು ಖ್ವಾತ್ ಅವಳ ಮೇಲೆ ಹರಿಹಾಯ್ದ. "ಅಜ್ಜಿಗೆ ಒಂದು ಪೊಟ್ಟಣ ಬೆಲ್ಲ ಕಳಿಸಿದೋಳಲ್ಲ." ಆಮೇಲೆ ಕ್ವೆ ಕಡೆ ತಿರುಗಿದ. "ಮಾತಾಡಿ ನೋಡ್ತೀರಾ? ಈಗಲೇ?"

ಅವನು ಫೋನು ಹಿಡಿದು ಅಂಗಳಕ್ಕಿಳಿದ. ಮಾವಿನ ಗಿಡದ ಕೆಳಗೆ ಬೆನ್ನು ತಿರುಗಿಸಿ ನಿಂತು ಎರಡು ನಿಮಿಷಕ್ಕೂ ಹೆಚ್ಚು ಪಿಸುಮಾತಾಡಿದ. ಕ್ವೆ ಗಡಿಯಾರ ನೋಡಿಕೊಂಡಳು. ಎಂಬತ್ತೆರಡರ ಮುದುಕಿಯ ಹತ್ತಿರ ಫೋನಿನಲ್ಲಿ ಯಾರೂ ಪಿಸುಗುಟ್ಟುವುದಿಲ್ಲ. ಆಮೇಲೆ ಅವನು ಒಳಗೆ ಬಂದು, ಸ್ಪೀಕರು ಹಾಕಿ, ಫೋನನ್ನು ಪೀಠದ ಮುಂದಿನ ಮೇಜಿನ ಮೇಲಿಟ್ಟ.

ಗಾಳಿಯ ಸದ್ದು. ಎಲ್ಲೋ ನಾಯಿ ಬೊಗಳಿತು. ಆಮೇಲೆ ಒಂದು ಹೆಂಗಸಿನ ದನಿ, ಗಂಟಲನ್ನು ಒತ್ತಿ ಹಿಡಿದಂತೆ ಕರಕರ.

"ಮಿಯೆನ್. ನಾನು ಅಜ್ಜಿ. ಆ ಮೂಳೆ ನದಿಗೆ ಬಿಟ್ಟುಬಿಡು. ದೊಡ್ಡಪ್ಪನ ಮಾತು ಕೇಳು. ಕೆಲಸದ ಜಾಗಕ್ಕೆ ವಾಪಸ್ ಹೋಗು, ಈ ಊರಲ್ಲಿ ಇರಬೇಡ. ಇವತ್ತೇ ಹೋಗು." ಸ್ವಲ್ಪ ತಡೆದು, "ಹೊಟ್ಟೆಗೆ ತಿಂದ್ಯಾ?"

ಮಿಯೆನ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಖ್ವಾತ್ ಅವಳ ಮುಖವನ್ನೇ ನೋಡುತ್ತಿದ್ದ, ತಕ್ಕಡಿಯ ಮುಳ್ಳು ನೋಡುವವನಂತೆ. ಅವಳು ಕಣ್ಣು ಕೆಳಗೆ ಹಾಕಿ, "ತಿಂದೆ ಅಜ್ಜಿ," ಎಂದಳು. ಫೋನು ಸತ್ತಿತು.

"ಸಾಕಾ?" ಎಂದ ಖ್ವಾತ್. "ಸತ್ತೋರು ಮಾತಾಡ್ತಾರಾ ಡಾಕ್ಟರಮ್ಮ? ಅದಕ್ಕೂ ನಿಮ್ಮ ಪುಸ್ತಕದಲ್ಲಿ ಏನಾದ್ರೂ ಇದೆಯಾ?"

ಕ್ವೆ ಎದ್ದು ಪೀಠದ ಬಳಿ ಹೋದಳು. ವೀಳ್ಯದ ತಟ್ಟೆಯಲ್ಲಿ ಅಡಿಕೆಯ ಪಕ್ಕ ಒಂದು ಹಿತ್ತಾಳೆಯ ಸುಣ್ಣದ ನಳಿಗೆ ಇತ್ತು. ಕಿರುಬೆರಳಿನ ಉದ್ದ; ಮುಚ್ಚಳದಲ್ಲಿ ಬಳ್ಳಿಯ ಕೆತ್ತನೆ; ಒಂದು ಮಗ್ಗುಲು ಮೈಗೆ ಉಜ್ಜಿ ಉಜ್ಜಿ ನುಣುಪಾಗಿತ್ತು.

"ಇದು ಯಾರದು?"

"ಅಜ್ಜೀದು," ಎಂದಳು ಮಿಯೆನ್. ದನಿ ಒಣಗಿತ್ತು. "ಮಲಗುವಾಗಲೂ ಸೊಂಟದ ಚೀಲದಲ್ಲೇ ಇರೋದು. ಸ್ನಾನಕ್ಕೆ ಹೋದ್ರೆ ನನ್ನ ಕೈಲಿ ಹಿಡಿಸೋರು, ಕೆಳಗೆ ಇಡೋಕೆ ಬಿಡ್ತಿರ್ಲಿಲ್ಲ."

"ಮತ್ತೆ ಬೆಟ್ಟಕ್ಕೆ ಹೋಗುವಾಗ ಬಿಟ್ಟುಹೋದ್ರಾ?"

ಖ್ವಾತ್‌ಗೆ ರೇಗಿತು. "ಬಿಟ್ಟೇ ಹೋದ್ರು. ಎಲೆ ಅಡಿಕೆ ನಿಲ್ಲಿಸಿದ್ರು. ಬಾಯಲ್ಲಿ ಒಂದೂ ಹಲ್ಲಿಲ್ಲ, ಹದಿನೈದು ವರ್ಷ ಆಯ್ತು, ಏನು ಜಗೀತಾರೆ? ಬೇಕಾದ್ರೆ ತಗೊಂಡ್ಹೋಗಿ, ಅದನ್ನೂ ದಾರ ತೂರಿಸಿ ನೋಡಿ." ನಳಿಗೆಯನ್ನು ತಟ್ಟೆಯಿಂದ ಎತ್ತಿ ಮೇಜಿನ ಮೇಲೆ ಎಸೆದ. ಅದು ಉರುಳಿಕೊಂಡು ಬಂದು ಕ್ವೆಯ ಬಟ್ಟಲಿಗೆ ತಾಗಿ ನಿಂತಿತು.

ಅವಳು ರಸೀದಿ ಬರೆದು ಅವನ ಮುಂದೆ ಇಟ್ಟಳು. ಫೋನಿನ ದನಿ ಕರಕರ ಎಂದಿತ್ತು, ನಿಜ. ಆದರೆ ಒಂದೊಂದು ಮಾತನ್ನೂ ಕಚ್ಚಿ ಕತ್ತರಿಸಿದಂತೆ ಚೊಕ್ಕವಾಗಿ ಆಡಿತ್ತು. ಹದಿನೈದು ವರ್ಷದಿಂದ ಬೊಚ್ಚಾದ ಬಾಯಿಯಿಂದ ಗಾಳಿ ಸೋರುತ್ತದೆ. ನಾಲಿಗೆಗೆ ತಾಗಲು ಹಲ್ಲಿರುವುದಿಲ್ಲ. ಫೋನಿನಲ್ಲಿದ್ದವಳಿಗೆ ಹಲ್ಲುಗಳಿದ್ದವು.

ಗೇಟು ದಾಟಿದ ಮೇಲೆ ಅವಳು ಮಿಯೆನ್‌ಳನ್ನು ಕೇಳಿದ್ದು, ಅಜ್ಜಿಗೆ ಸಕ್ಕರೆ ಕಾಯಿಲೆ ಇತ್ತೇ ಎಂದು. ಡಾಕ್ಟರು ಹೇಳಿದ್ದು ನೆನಪಿಲ್ಲ ಎಂದಳು ಹುಡುಗಿ. ಆದರೆ ಅಜ್ಜಿ ಹಿತ್ತಲಿಗೆ ಹೋಗಿಬಂದ ಜಾಗಕ್ಕೆ ಇರುವೆ ಮುತ್ತುತ್ತಿದ್ದವು. 2008ರಲ್ಲಿ, ಹೊಸವರ್ಷದ ರಜೆಗೆ ತಾನು ಬಂದಿದ್ದಾಗ, ಬಾವಿಕಟ್ಟೆಯಲ್ಲಿ ಜಾರಿ ಬಿದ್ದಿದ್ದರು. ತಾನೇ ಬಾಡಿಗೆ ಮೋಟರ್‌ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದಿದ್ದಳು.

ಕ್ವೆ ನಿಂತಳು. "ಸೊಂಟದ ಎಕ್ಸ್‌ರೇ ತೆಗೆದ್ರಾ?"

"ತೆಗೆದ್ರು."

"ಫಿಲ್ಮು ಎಲ್ಲಿದೆ?"

"ನಮ್ಮ ಅಡುಗೆಮನೆ ಕಿಟಕೀಲಿ."

ಥಾಮ್‌ಳ ಮನೆ ಉಪ್ಪಿನ ಗದ್ದೆಗಳ ಅಂಚಿನಲ್ಲಿತ್ತು. ಮೂರು ವರ್ಷದಿಂದ ಬೀಗ. ಅಡುಗೆಮನೆಯ ಕಿಟಕಿಯ ಒಂದು ಗಾಜು ಒಡೆದಿತ್ತು. ಆ ಜಾಗಕ್ಕೆ ಎಕ್ಸ್‌ರೇ ಫಿಲ್ಮನ್ನು ಸಣ್ಣ ಮೊಳೆಗಳಿಂದ ಬಡಿದಿದ್ದರು. ಅದಕ್ಕೂ ಮುಂಚೆ ಬೇಸಿಗೆಯಲ್ಲಿ ಗ್ರಹಣ ನೋಡಲು ಅಮ್ಮ ಅದನ್ನೇ ಬಳಸಿದ್ದಳಂತೆ. ಕೇರಿಯ ಮಕ್ಕಳೆಲ್ಲ ಸರದಿಯಲ್ಲಿ ನಿಂತು ಅಜ್ಜಿಯ ಸೊಂಟದೊಳಗಿಂದ ಸೂರ್ಯನನ್ನು ನೋಡಿದ್ದರು.

ಗಂಟೆ ಮೂರೂ ಇಪ್ಪತ್ತು. ಪಡುವಣ ಬಿಸಿಲು ನೇರ ಕಿಟಕಿಗೆ ಬೀಳುತ್ತಿತ್ತು. ಆಸ್ಪತ್ರೆಯ ಬೆಳಕಿನ ಪೆಟ್ಟಿಗೆಗಿಂತ ಚೆನ್ನಾಗಿತ್ತು.

ಮೂಲೆಯಲ್ಲಿ ಹೆಸರು: ನಿನ್ ಥಿ ಬೂಯ್, 78. ಸೊಂಟದ ಬಟ್ಟಲು, ಎರಡು ತೊಡೆ. ಪಕ್ಕೆಯ ಕಡೆಗೆ ಜಾರಿದ ಒಂದು ಅಚ್ಚ ಬಿಳಿಯ ನಳಿಗೆ. ಮುಚ್ಚಳದ ಬಳ್ಳಿ ಕೂಡ ಮಸುಕಾಗಿ ಕಾಣುತ್ತಿತ್ತು. ಎಕ್ಸ್‌ರೇ ಮೇಜಿನ ಮೇಲೂ ಮುದುಕಿ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಮತ್ತು ಬಟ್ಟಲಿನ ಎಡಕ್ಕೂ ಬಲಕ್ಕೂ, ಸುರುಳಿ ಸುರುಳಿಯಾಗಿ, ಜೋಡಿಗೆರೆ.

ಮಿಯೆನ್ ಡಬ್ಬಿಯಿಂದ ಅಜ್ಜಿಯ ಆರೋಗ್ಯ ಪುಸ್ತಕ ಹುಡುಕಿ ತಂದಳು. ಕ್ವೆ ಆ ದಿನದ ಪುಟ ಓದಿದಳು. ಮುರಿತ ಇಲ್ಲ. ವಯಸ್ಸಿನ ಬದಲಾವಣೆ. ಸಕ್ಕರೆ ಪರೀಕ್ಷೆ ಮಾಡಿರಲಿಲ್ಲ.

ಅವಳು ಪುಸ್ತಕವನ್ನು ಒಲೆಯ ಕಟ್ಟೆಯ ಮೇಲೆ ಅಪ್ಪಳಿಸಿದಳು. ಬೂದಿ ಎದ್ದಿತು. ಮಿಯೆನ್ ಬೆಚ್ಚಿದಳು, ಕ್ವೆ ಕ್ಷಮೆ ಕೇಳಲಿಲ್ಲ.

ಆಮೇಲೆ ಅಳತೆಯ ಚಿಮಟದಂಥ ಕ್ಯಾಲಿಪರ್ ತೆಗೆದಳು. ಫಿಲ್ಮಿನಲ್ಲಿ ಎಲ್ಲವೂ ಇರುವುದಕ್ಕಿಂತ ಸ್ವಲ್ಪ ದೊಡ್ಡದಾಗಿ ಬೀಳುತ್ತದೆ. ಎಷ್ಟು ದೊಡ್ಡದು ಎಂಬುದಕ್ಕೆ ನಳಿಗೆಯೇ ಅಳತೆಗೋಲು. ಕೈಯಲ್ಲಿದ್ದ ಹಿತ್ತಾಳೆಯ ನಳಿಗೆ ಐವತ್ತನಾಲ್ಕು ಮಿಲಿಮೀಟರ್. ಫಿಲ್ಮಿನ ನಳಿಗೆ ಅರವತ್ತಮೂರು. ಅದು ಪಕ್ಕೆಗೆ ಜಾರಿ ಬಿದ್ದದ್ದರಿಂದ ನಾಳವಿದ್ದ ಆಳದಲ್ಲೇ ಇತ್ತು. ಲೆಕ್ಕ ಹೆಚ್ಚು ತಪ್ಪುವುದಿಲ್ಲ.

ಎಡಗಡೆಯ ನಾಳದಲ್ಲಿ ಒಂದು ಕವಲು. ಕವಲಿನಿಂದ ಮುಂದೆ ಸೌಟಿನ ಹಿಡಿಯಂಥ ಒಂದು ಬಾಗು. ಕವಲಿನಿಂದ ಬಾಗಿನ ತುದಿಗೆ, ಫಿಲ್ಮಿನಲ್ಲಿ, ಮೂವತ್ತಾರು. ಐವತ್ತನಾಲ್ಕರಿಂದ ಗುಣಿಸಿ ಅರವತ್ತಮೂರರಿಂದ ಭಾಗಿಸಿದಳು. ಗೋಡೆಯ ಮಸಿಯ ಮೇಲೆ ಬೆರಳಿನಿಂದ ಉತ್ತರ ಬರೆದಳು: 30.9.

ಎದೆಜೇಬಿನಿಂದ ಸೀಸೆ ತೆಗೆದು, ಬೆಳಿಗ್ಗೆ ದಾರ ತೂರಿಸಿದ್ದ ಚೂರನ್ನು ಅಂಗೈಗೆ ಸುರಿದುಕೊಂಡಳು. ಒಂದು ಕವಲು. ಒಂದು ಬಾಗು. ಬಿಸಿಲಿಗೆ ಹಿಡಿದು ತಿರುಗಿಸಿದರೆ ಫಿಲ್ಮಿನ ಗೆರೆಗಿಂತ ಕೊಂಚ ಸಣ್ಣದು, ಆದರೆ ಆಕಾರ ಅದೇ.

"ಅಜ್ಜಿಯಾ?" ಎಂದು ಮಿಯೆನ್ ಕೇಳಿದಳು.

"ಅಳೆದು ಹೇಳ್ತೀನಿ. ಅಳೆಯದೆ ಹೇಳಲ್ಲ."

ಹುಡುಗಿ ಒಲೆಯ ಪಕ್ಕ ಕುಸಿದು ಕೂತಳು. ಅಮ್ಮ ಕೂರುತ್ತಿದ್ದ ಮಣೆಯನ್ನು ಎಳೆದುಕೊಂಡು, ಅದರ ಮೇಲೆ ಕೂರದೆ, ಮಡಿಲಲ್ಲಿ ಇಟ್ಟುಕೊಂಡಳು.

"ಡಾಕ್ಟ್ರೇ, ದೊಡ್ಡಪ್ಪ ನನ್ನನ್ನೇ ನೋಡ್ತಿದ್ದ. ಅದಕ್ಕೇ ಅಲ್ಲಿ ಬಾಯಿ ಬಿಡ್ಲಿಲ್ಲ," ಎಂದಳು. "ಅಜ್ಜಿ ನನ್ನ ಯಾವತ್ತೂ ತಿಂದ್ಯಾ ಅಂತ ಕೇಳ್ದೋರಲ್ಲ. ನಾನು ಹೆಣ್ಣಾಗಿ ಹುಟ್ಟಿದ್ದು ಅವರಿಗೆ ಕೊನೇತನಕ ಸಿಟ್ಟು. ಹಾಗೆ ಕೇಳ್ತಿದ್ದೋರು ಒಬ್ರೇ. ಕಾರ್ಖಾನೆಗೆ ಫೋನು ಮಾಡಿದಾಗೆಲ್ಲ, ಇಡೋಕೆ ಮುಂಚೆ, ಅದೇ ಮಾತು. ಹೊಟ್ಟೆಗೆ ತಿಂದ್ಯಾ."

ಹೊರಗೆ ಗದ್ದೆಯಲ್ಲಿ ಯಾರೋ ಉಪ್ಪು ಕೆರೆಯುವ ಸದ್ದು ಕೇಳುತ್ತಿತ್ತು.

"ಅದು ನಮ್ಮಮ್ಮ ಡಾಕ್ಟ್ರೇ. ನಮ್ಮಮ್ಮ ಬದುಕಿದ್ದಾಳೆ. ಮತ್ತೆ ಅವಳೇ ಆ ಮೂಳೆ ನದಿಗೆ ಬಿಡು ಅಂದ್ಲು."

ಕ್ವೆ ಚೂರಿನ ಕವಲಿನಿಂದ ಬಾಗಿನ ತುದಿಯವರೆಗಿನ ಭಾಗವನ್ನು ಕ್ಯಾಲಿಪರಿನ ಎರಡು ಹಲ್ಲುಗಳ ನಡುವೆ ಇಟ್ಟು, ಅದು ಪುಡಿಯಾಗದಂತೆ ಉಸಿರು ಹಿಡಿದು, ತಿರುಪನ್ನು ಮುಚ್ಚಿದಳು. ಬಿಸಿಲಿಗೆ ತಿರುಗಿಸಿ ಗೆರೆ ಓದಿದಳು.

ಮೂವತ್ತೊಂದು ಮಿಲಿಮೀಟರ್.